ತೊಂಬತ್ತೊಂಬತ್ತು

ಗೊತ್ತಿಲ್ಲ ಎಂದವರಿಗೆ ತೊಂಬತ್ತೆಂಟು,
ಹೇಳಲಾರೆ ಎಂದವರಿಗೆ ತೊಂಬತ್ತೊಂಬತ್ತು.
ಪ್ರಶ್ನಾವಳಿಯ ಕೊನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿ, ಇದು ನಿಯಮ.

ಆಗ ನನಗೆ ಇಪ್ಪತ್ತಾರು. ಮೆಡೆಲಿನ್ನಿನ ಮೇಲಣ ಗುಡ್ಡ,
ಬೋಳು ಇಟ್ಟಿಗೆಯ ಮೇಲೆ ಬೋಳು ಇಟ್ಟಿಗೆ, ತಗಡಿನ ಮೇಲೆ ಕಲ್ಲು,
ಅರ್ಧ ಬೀದಿ, ಅರ್ಧ ಮೆಟ್ಟಿಲು.
ನಲವತ್ತೆರಡು ಪುಟ ಎದೆಗವಚಿ ಏದುಸಿರು ಬಿಡುತ್ತ
ದೋನ್ಯಾ ಎವುಮೇಲಿಯಾಳ ಅಂಗಡಿಗೆ ಹತ್ತಿದೆ.
ಮೊಟ್ಟೆ, ಮೇಣದಬತ್ತಿ, ಬಿಡಿ ಸಿಗರೇಟು, ಮೆಕ್ಕೆಜೋಳದ ರೊಟ್ಟಿ.

ಮೂವತ್ತೊಂದನೆಯ ಪ್ರಶ್ನೆ:
ಕಳೆದ ತಿಂಗಳು ರಕ್ಷಣೆಗೆಂದು ಯಾರಿಗಾದರೂ ಹಣ ಕೊಟ್ಟಿರಾ? ಎಷ್ಟು?
ಅಲ್ಲಿಯವರು ಅದಕ್ಕೆ ಲಸಿಕೆ ಎನ್ನುತ್ತಾರೆ.
ನಾನು ಆ ಪದ ಬಳಸಲಿಲ್ಲ.
ಪದ ಪಕ್ಷ ಹಿಡಿಯುತ್ತದೆಂದು ನನ್ನ ಗುರುಗಳ ಅಪ್ಪಣೆ.

ಬಾಗಿಲಲ್ಲಿ, ಬೈಕಿನ ಮೇಲೆ ಒಬ್ಬ ಹುಡುಗ,
ಹದಿನಾಲ್ಕೋ ಹದಿನೈದೋ,
ಮಾವಿನಕಾಯಿಗೆ ಉಪ್ಪು ಸವರಿ
ನಿಧಾನ, ಬಹಳ ನಿಧಾನ ತಿನ್ನುತ್ತಿದ್ದ.

ಅವಳು ನನ್ನ ಹಾಳೆಯನ್ನು ತಲೆಕೆಳಗಾಗಿಯೇ ಓದಿಕೊಂಡಿದ್ದಳು.
'ತೊಂಬತ್ತೊಂಬತ್ತು ಬರಿ ಮಗಳೇ. ಕಾಫಿ ಕುಡೀತೀಯಾ?'

ಕುಡಿದೆ. ಬರೆದೆ.
ಮುನ್ನೂರ ಎಂಟು ತೊಂಬತ್ತೊಂಬತ್ತುಗಳನ್ನು ಜರಡಿ ಹಿಡಿದು ಚೆಲ್ಲಿದೆ.
ಉಳಿದದ್ದು ಪ್ರಬಂಧವಾಯಿತು, ಪ್ರಬಂಧ ಕೆಲಸವಾಯಿತು,
ಕೆಲಸ ಗಾಲಿಗಳಿರುವ ಒಂದು ಕುರ್ಚಿಯಾಯಿತು.
ಈ ಮೌನಗಳೆಲ್ಲ ಕಾಕತಾಳೀಯವೇ ಎಂದು ಸಭೆಯಲ್ಲಿ ಒಬ್ಬ ಕೇಳಿದ.
ಹಾಗೆಂದು ಭಾವಿಸಲಾಗಿದೆ, ನೋಡಿ, ಅಡಿಟಿಪ್ಪಣಿ ನಾಲ್ಕು.
ಎವುಮೇಲಿಯಾ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮನ್ರೋವಿಯಾ, ಗುಲು, ಸಾನ್ ಸಾಲ್ವಡೋರ್,
ಎಲ್ಲ ಹೋಟೆಲುಗಳಲ್ಲೂ ಒಂದೇ ಏಸಿಯ ಒಂದೇ ಗೊರಕೆ.
ಗುಲುವಿನಲ್ಲಿ, ಕಾಡಿನಿಂದ ಮರಳಿದ ಒಬ್ಬ,
ಎಷ್ಟು ದಿನ ಹೊರೆ ಹೊತ್ತೆ ಎಂದರೆ
ಹೊರೆಯ ತೂಕ ಹೇಳಿದ.
ಬಡತನ ಕೋವಿ ಹಿಡಿಸುತ್ತದೋ, ಕೋವಿ ಬಡತನ ತರುತ್ತದೋ?
ಹೌದು ಅಥವಾ ಅಲ್ಲ, ಅಷ್ಟು ಹೇಳಿ ಸಾಕು ಎಂದರು ಮಂತ್ರಿ.
ನಾನು ಅಡ್ಡಗೋಡೆಯ ಮೇಲೆ ದೀಪವಿಟ್ಟೆ.
ಪ್ರಾಮಾಣಿಕವಾಗಿಯೇ ಇಟ್ಟೆ. ಗೋಡೆ ಅಲ್ಲೇ ಇತ್ತು.

ಇಪ್ಪತ್ತೇಳು ವರ್ಷದ ಮೇಲೆ ಅದೇ ಗುಡ್ಡಕ್ಕೆ
ಕೇಬಲ್ ಕಾರಿನಲ್ಲಿ ಕೂತು ಹೋದೆ.
ನನ್ನ ತಂಡದ ಸಮೀಕ್ಷಕ ದುವಾನ್: ಎಂಟು ವರ್ಷ ಜೈಲು,
ಈಗ ಓದುವ ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು.
ಅವನ ಹಾಳೆಗಳಲ್ಲಿ ತೊಂಬತ್ತೊಂಬತ್ತು ಬರುವುದೇ ಇಲ್ಲ.
ಅನುಮಾನ ಬಂದು ಕೇಳಿದೆ.
ಮಾವಿನಕಾಯಿ ನೆನಪಿದೆಯಾ ಎಂದ.

'ಪ್ರತಿ ಶನಿವಾರ ಎಂಟು ಸಾವಿರ ಪೆಸೊ, ಜೊತೆಗೆ ಆರು ಮೊಟ್ಟೆ.
ವಸೂಲಿ ನನ್ನದೇ. ನನಗೂ ಕಾಫಿ ಕೊಡುತ್ತಿದ್ದಳು.'

ಆ ರಾತ್ರಿ ಹಳೆಯ ಕಡತ ತೆರೆದೆ. ಸಾಲು ಆರುನೂರ ಹದಿಮೂರು.
ತೊಂಬತ್ತೊಂಬತ್ತು ಅಳಿಸಿ
ನಾಲ್ಕು ಶನಿವಾರಕ್ಕೆ ಮೂವತ್ತೆರಡು ಸಾವಿರ ಎಂದು ತುಂಬಿದೆ.
ಮೊಟ್ಟೆಗೆ ಅಂಕಣವಿರಲಿಲ್ಲ.
ಮತ್ತೆ ಲೆಕ್ಕ ಓಡಿಸಿದೆ.
ಮೂರನೆಯ ದಶಮಾಂಶದಲ್ಲೂ ಏನೂ ಕದಲಲಿಲ್ಲ.
ಎವುಮೇಲಿಯಾ ತೀರಿಕೊಂಡು ಹನ್ನೊಂದು ವರ್ಷ.

ಬೆಳಿಗ್ಗೆ ದುವಾನ್‌ಗೆ ಫೋನು ಮಾಡಿದೆ.
ಆ ಇಳಿಜಾರಿನಲ್ಲಿ, ಬೈಕಿನ ಮೇಲೆ, ಮೊಟ್ಟೆ ಒಡೆಯುತ್ತಿರಲಿಲ್ಲವೇ?
ಒಡೆಯದೆ? ಐದೇ ತಲುಪುತ್ತಿದ್ದವು ಎಂದ.
ಆರನೆಯದನ್ನು ನನ್ನ ಕೆನ್ನೆಯಿಂದ ವಸೂಲು ಮಾಡುತ್ತಿದ್ದರು.