ಹಿಸ್ಟರಿ

ಬೆಂಗಳೂರಿನ ಶೋರೂಮಿನವನು ಫೋನಿನಲ್ಲಿ ಕೇಳಿದ್ದು ಒಂದೇ:
"ಮೇಡಂ, ನಿಮ್ಮ ಹಿಸ್ಟರಿ ಏನು?"

ದುಡ್ಡಿದ್ದರೆ ಸಾಲದಂತೆ.
ಈ ಕಾರನ್ನು ಮಾರುವುದಿಲ್ಲ, ಹಂಚುತ್ತಾರಂತೆ,
ಇಡೀ ರಾಜ್ಯಕ್ಕೆ ಎರಡು,
ಸೀಮೆಎಣ್ಣೆಯ ಕಾಲದಲ್ಲಿ ನ್ಯಾಯಬೆಲೆ ಅಂಗಡಿಯವನು
ಡ್ರಮ್ಮಿನ ತಳ ನೋಡಿ, ಮುಖ ನೋಡಿ
ಅಳೆದು ಕೊಡುತ್ತಿದ್ದ ಹಾಗೆ.
ಮೊದಲು ಅವರದೇ ದೊಡ್ಡ ಗಾಡಿಯೊಂದನ್ನು ಕೊಂಡಿರಬೇಕು,
ಯಾರಿಗೂ ಬೇಡದ ಬಣ್ಣದ್ದಾದರೂ ಸೈ;
ಕೊಂಡದ್ದನ್ನು ವರ್ಷದೊಳಗೆ ಮಾರಿರಬಾರದು;
ಕರೆದಾಗ ಊಟಕ್ಕೆ ಹೋಗಿರಬೇಕು.
ಅದಕ್ಕೆ ಹಿಸ್ಟರಿ ಅಂತ ಹೆಸರು.

ದಾಕ್ಷಾಯಿಣಮ್ಮ ಫೋನಿಟ್ಟು
ಮಾಚೇನಹಳ್ಳಿಯ ಫೌಂಡ್ರಿಗೆ ನನ್ನನ್ನು ಕರೆಸಿದರು.
"ಫೆಲಿಕ್ಸ್, ನನ್ನ ಗಾಡಿಗಳೆಲ್ಲ ನಿನಗೇ ಗೊತ್ತು. ಬರಿ."

ಬರೆದೆ. ಕುಲುಮೆಯ ಬಿಸಿಗೆ ಪೆನ್ನು ಜಾರುತ್ತಿತ್ತು.
ಎಂಬತ್ತೇಳರ ಲೂನಾ: ಪೆಡಲು ತುಳಿದೇ ಹೆಚ್ಚು ಓಡಿದ್ದು.
ಮೆಟಡಾರ್: ಯಜಮಾನರು ತೀರಿಕೊಂಡ ಮರುವಾರ
ನಲವತ್ತು ಬ್ರೇಕ್ ಡ್ರಮ್ಮು ಹೇರಿಕೊಂಡು
ತಾವೇ ಹರಿಹರಕ್ಕೆ ಓಡಿಸಿದ್ದು, ಲೈಸೆನ್ಸು ಇಲ್ಲದೆ.
ಇದನ್ನು ಬರೀಬೇಡ ಅಂದರು. ಬರೆದಾಗಿತ್ತು, ಹೊಡೆದುಹಾಕಿದೆ.
ಅಂಬಾಸಿಡರ್: ಮಂಡಗದ್ದೆ ತಿರುವಿನಲ್ಲಿ ಗ್ಯಾಸ್ಕೆಟ್ ಹೋಗಿ
ನಾನು ಸ್ಪ್ಯಾನರ್ ಚೀಲ ಹೊತ್ತು ಕೊನೇ ಬಸ್ಸು ಹಿಡಿದದ್ದು.
ಎರಡು ಟೆಂಪೊ.
ಒಂದು ಜೀಪು, ಅದರ ಬಾಬ್ತು ನೂರಿಪ್ಪತ್ತು ರೂಪಾಯಿ
ಇನ್ನೂ ನನಗೆ ಬರಬೇಕು.

ಓದಿ ನಕ್ಕರೋ ಇಲ್ಲವೋ. ಎರಡು ವರ್ಷ ಸುದ್ದಿಯಿಲ್ಲ.
ಆಮೇಲೆ ಒಂದು ದಿನ, ಪಟ್ಟಿಯಲ್ಲಿ ಮೇಲಿದ್ದ ಮಂಗಳೂರಿನವರೊಬ್ಬರು
ಚಾಸಿ ನಂಬರು ಕೂಡಿಸಿದರೆ ಎಂಟು ಬಂತೆಂದು
ಬಿಟ್ಟುಕೊಟ್ಟರಂತೆ.
"ಎಂಟು ನನಗಾದೀತು" ಅಂದರು ಅಮ್ಮ.
ಸೀಟಿನ ಹೊಲಿಗೆ ದಾರಕ್ಕೇ ಇಪ್ಪತ್ತಾರು ಬಣ್ಣ ತೋರಿಸಿದರು.
ಮೈಗೆ ಇವರು ಆರಿಸಿದ್ದು
ಅಚ್ಚು ಒಡೆದು ಆಗ ತಾನೆ ತೆಗೆದ ಬೀಡಿನ ಬೂದು.

ರಾತ್ರಿ ಬಂತು, ಮುಚ್ಚಿದ ಲಾರಿಯೊಳಗೆ.
ಗೇಟಿನ ಹಂಪಿಗೆ ಹೊಟ್ಟೆ ತಾಗುತ್ತದೆಂದು
ಪ್ಯಾಟರ್ನ್ ಶಾಪಿನ ಹಲಗೆ ಹಾಸಿದೆವು.
ಹಲಗೆ ಹಾಸಿದ್ದಷ್ಟೇ ನನ್ನ ಪಾಲು.
ಹೊರಗಿನ ಕೈ ಬಿದ್ದರೆ ವಾರಂಟಿ ಹೋಯಿತು,
ನಲವತ್ತು ವರ್ಷ ಆಟೋ ಕಾಂಪ್ಲೆಕ್ಸಿನಲ್ಲಿ
ಗ್ರೀಸು ಕುಡಿದ ಕೈ ಆದರೂ.

ವರ್ಷ ತುಂಬಿದ್ದಕ್ಕೆ ಕಂಪನಿಯ ಹುಡುಗ ಬಂದ,
ಕೊಡಗಿನವನು, ಉತ್ತಯ್ಯ, ಬಿಳೀ ಗ್ಲೌಸು.
ಎಂಜಿನ್ನಿಗೆ ಕಿವಿ ಕೊಡಲಿಲ್ಲ, ಲ್ಯಾಪ್‌ಟಾಪಿಗೆ ತಂತಿ ಕೊಟ್ಟ.
ಕಾರು ಎಲ್ಲ ಒಪ್ಪಿಕೊಂಡಿತು:
ವರ್ಷಕ್ಕೆ ನಾನೂರ ತೊಂಬತ್ತೇ ಕಿಲೋಮೀಟರು.
ಮೂರು ಸಲ, ಬೆಳಗಿನ ನಾಲ್ಕೂವರೆಗೆ ಹೊರಟು,
ಹರಿಹರಕ್ಕೆ ಹೋಗಿ, ವಾಪಸು.
"ಅಲ್ಲೇನಿದೆ ಮೇಡಂ?" ಅಂದ.
ಅಮ್ಮ ನನ್ನ ಮುಖ ನೋಡಲಿಲ್ಲ.

ಚಕ್ರ ಬಿಚ್ಚಿದಾಗ ಹತ್ತಿರ ಬಂದರು,
ಬೀಗದ ಕೈಯಿಂದ ಬ್ರೇಕಿನ ತಟ್ಟೆ ತಟ್ಟಿದರು.
ದನಿ ಕೇಳಿಯೇ ಎರಕದ ಬಿರುಕು ಹೇಳುವ ಹೆಂಗಸು.
"ಕಬ್ಬಿಣ ಅಲ್ಲ ಇದು."
"ಕಾರ್ಬನ್ನು ಮೇಡಂ, ಸುಟ್ಟಿದ್ದು."
"ಹೌದಾ. ಮಡಕೆ ಥರ ಕೇಳ್ತದೆ."

ಚಕ್ರಕ್ಕೆ ಒಂದೇ ನಟ್ಟು, ತೆಂಗಿನಕಾಯಿ ಗಾತ್ರ,
ಎಡಕ್ಕೊಂದು ಬಣ್ಣ, ಬಲಕ್ಕೊಂದು.
ಬಿಗಿಯಲು ಆಳುದ್ದದ ಹಿಡಿ.
ಒಬ್ಬನ ಕೈಲಾಗದ ಕೆಲಸ;
ಒಳಗೆ ಕೂತು ಬ್ರೇಕು ಒತ್ತಿ ಹಿಡಿಯುವವರು ಬೇಕು.
ಉತ್ತಯ್ಯ ಸುತ್ತ ನೋಡಿದ.
ನಾನು ಚಪ್ಪಲಿ ಬಿಟ್ಟೆ.

ಸೀಟು ನೆಲಕ್ಕೇ ತಾಗಿದಂತಿತ್ತು, ಚಾಪೆಯ ಮೇಲೆ ಕೂತ ಹಾಗೆ.
ಬರಿಗಾಲಲ್ಲಿ ಒತ್ತಿದೆ.
ಹೊರಗೆ ಅವನು ಮೈಯೆಲ್ಲ ಹಾಕಿ ಎಳೆಯುತ್ತಿದ್ದ,
ಪೆಡಲಿನಲ್ಲಿ ಆ ಎಳೆತ ಸಣ್ಣಗೆ ಮಿಡಿದು
ಅಂಗಾಲಿಗೆ ಬರುತ್ತಿತ್ತು.
ಒಂದು, ಎರಡು, ಮೂರು, ನಾಲ್ಕು ಸಲ ಟಕ್ ಅಂದಿತು.

"ಆಯ್ತು, ಬಿಡಿ ಸಾರ್."
ತುಸು ಹೊತ್ತು ಹಿಡಿದೇ ಇದ್ದೆ.

ಅವನ ಲ್ಯಾಪ್‌ಟಾಪಿನ ಸರ್ವಿಸ್ ಹಿಸ್ಟರಿಯಲ್ಲಿ
ಎರಡನೇ ಹೆಸರಿಗೆ ಜಾಗವಿರಲಿಲ್ಲ.
ಏಳಲು ಅಮ್ಮನೇ ಕೈ ಕೊಟ್ಟರು.
"ಆ ನೂರಿಪ್ಪತ್ತು ಈಗ ಕೊಟ್ಟುಬಿಡಲೇನೋ?"
"ಇರಲಿ ಅಮ್ಮಾ" ಅಂದೆ, "ಬಾಕಿ ಇರಲಿ."