ಮೂಕ ಮನೆ

ಅವನ ಪಿಯಾನೊಗೆ ಮೂವತ್ತೊಂದು ವರ್ಷ ಶ್ರುತಿ ಹಿಡಿದವನು ನಾನು.
ನಿಜ ಹೇಳಬೇಕೆಂದರೆ ಅವನ ಸಂಗೀತ ನನಗೆ ತಿಳಿಯುತ್ತಿರಲಿಲ್ಲ.
ತಿಳಿಯುತ್ತಿದ್ದದ್ದು ತಂತಿ: ಯಾವುದು ಸಡಿಲ, ಯಾವುದು ಹರಿದಿದೆ,
ಯಾವ ಸುತ್ತಿಗೆಯ ಉಣ್ಣೆ ತಿಂಗಳೊಪ್ಪತ್ತಿನಲ್ಲಿ ಕಲ್ಲಾಗಿದೆ.

ಆರ್ಡೆಲ್ ಪಿಂಕ್‌ಸ್ಟನ್. ಹುಟ್ಟಿದ್ದು ಕ್ಲೀವ್‌ಲ್ಯಾಂಡಿನಲ್ಲಿ,
ಉಕ್ಕಿನ ಕುಲುಮೆಯ ಹೊಗೆ
ಒಗೆದು ಹರವಿದ ಬಟ್ಟೆಗೆ ತುಕ್ಕಿನ ಬೊಟ್ಟಿಡುವ ಓಣಿಯಲ್ಲಿ.
ತಾಯಿ ಲಿಯೋಟಾ ಕಂಡವರ ಅಂಗಿಗೆ ಇಸ್ತ್ರಿ ಹಾಕುವಳು.
ಚರ್ಚಿನ ನೆಲಮಾಳಿಗೆಯಲ್ಲಿ, ಮಳೆನೀರು ಕುಡಿದು ಉಬ್ಬಿದ
ಒಂದು ಹಳೆಯ ಪಿಯಾನೊ;
ನಟ್ಟನಡುವಿನ ಒಂದು ಬಿಳಿ ಮನೆ
ಒತ್ತಿದರೆ ಟಕ್ ಅನ್ನುವುದು, ಅಷ್ಟೆ.
ಉಳಿದ ಹುಡುಗರು ಅದನ್ನು ಹಾರಿ ನುಡಿಸುವರು,
ದಾರಿಯ ಹೊಂಡ ದಾಟಿದ ಹಾಗೆ.
ಇವನು ತಿರುತಿರುಗಿ ಅಲ್ಲಿಗೇ:
ಟಕ್. ಟಕ್.
ಯಾರಾದರೂ ಇದ್ದೀರಾ ಒಳಗೆ?

ನಮ್ಮೂರಲ್ಲಿ ಕರಿ ಮನೆ, ಬಿಳಿ ಮನೆಗಳ ನಡುವೆ
ಒಂದು ಅಗಲ ಬೀದಿಯಿತ್ತು.
ಈಚೆ ನಾವು, ಪೋಲೆಂಡಿನಿಂದ ಬಂದ ವೊಯ್ಟಾಸ್ ಮನೆತನ. ಆಚೆ ಅವನು.
ಪಿಯಾನೊದಲ್ಲಾದರೂ ಒಂದಕ್ಕೊಂದು ಅಂಟಿಕೊಂಡಿವೆ ನೋಡು
ಅಂತ ನಾನೊಮ್ಮೆ ಜಾಣತನ ಮಾಡಿದೆ.
"ಅಂಟಿಕೊಂಡಿವೆ ಸರಿ," ಅಂದ,
"ಬಾಡಿಗೆ ವಸೂಲಿಗೆ ಬರೋದು ಯಾರು, ಅದನ್ನ ಹೇಳು."

ಮೊದಮೊದಲು ಮದುವೆಗೆ ನುಡಿಸಿದ, ಕುಣಿತಕ್ಕೆ ನುಡಿಸಿದ.
ಆಮೇಲೊಂದು ರಾತ್ರಿ, ಅರವತ್ತಮೂರರ ಚಳಿಯಲ್ಲಿ,
ತಾಳ ಅವನನ್ನು ಬಿಟ್ಟು ನಡೆಯಿತೋ
ಅವನೇ ಬಾಗಿಲು ತೆರೆದು ಕಳಿಸಿಕೊಟ್ಟನೋ,
ಮುಷ್ಟಿ, ಮೊಣಕೈ, ಅಂಗೈಯ ಅಡ್ಡೇಟು,
ಎಂಬತ್ತೆಂಟು ಮನೆಗೂ ಒಮ್ಮೆಗೇ ದೀಪ ಹತ್ತಿದ ಹಾಗೆ.
ಅಥವಾ ಬೆಂಕಿ.
ಹನ್ನೊಂದು ಜನರಲ್ಲಿ ಏಳು ಮಂದಿ ಎದ್ದು ಹೋದರು.
ಕ್ಲಬ್ಬಿನ ಒಡೆಯ ಬಂದು ಮುಚ್ಚಳ ಹಾಕಿದ,
ಬೆರಳು ತೆಗೆಯುವಷ್ಟು ಪುರುಸೊತ್ತು ಕೊಟ್ಟು.

ಹೊಟ್ಟೆಪಾಡಿಗೆ ಇಪ್ಪತ್ತಾರು ವರ್ಷ ಅಂಚೆಯ ರಾತ್ರಿಪಾಳಿ.
ಗೂಡುಗಳ ಗೋಡೆಯೆದುರು ನಿಂತು
ಎರಡೂ ಕೈಯಿಂದ ಕಾಗದ ಎಸೆಯುವನು, ನೋಡದೆ.
ಇಷ್ಟು ಬೇಗ, ಇಷ್ಟು ಸರಿಯಾಗಿ ಇನ್ನೊಬ್ಬರಿಲ್ಲ ಅಂತ
ಮೇಲ್ವಿಚಾರಕ ವರದಿ ಬರೆದಿದ್ದ.
ಊರು ಅವನಿಗೆ ಕೊಟ್ಟ ಒಳ್ಳೆಯ ವಿಮರ್ಶೆ ಅದೊಂದೇ.
ಮೂಲೆಯ ಕೊನೆಯ ಗೂಡು
ಮನೆ ಸಿಗದ ಕಾಗದಗಳದ್ದು.
ಅದರ ಮುಂದೆ ಒಂದು ಗಳಿಗೆ ತಡೆಯುತ್ತಿದ್ದನಂತೆ.

ಕೈಯಿಂದ ದುಡ್ಡು ಹಾಕಿ ಮುನ್ನೂರು ರೆಕಾರ್ಡು ಒತ್ತಿಸಿದ.
ಇನ್ನೂರಚಿಲ್ಲರೆ ಬಚ್ಚಲ ತೊಟ್ಟಿಯಲ್ಲಿ ಪೇರಿಸಿಟ್ಟು
ಹೆಂಡತಿ ಮೋಝೆಲ್
ಮೂರು ವರ್ಷ ಬಕೆಟ್ಟಿನಲ್ಲೇ ಮಿಂದಳು.

ಒಮ್ಮೆ ಹಾಲೆಂಡಿಗೆ ಕರೆದರು, ಗ್ರೊನಿಂಗನ್ ಊರಿಗೆ.
ನಾನೂರು ಜನ ಎದ್ದು ನಿಂತರಂತೆ. ಹೇಳಿದ್ದು ಮೋಝೆಲ್.
ಅವನು ಹೇಳಿದ್ದು ಇಷ್ಟು:
"ಪಿಯಾನೊ ತುಂಬ ಚೆನ್ನಾಗಿತ್ತು. ಪ್ರತಿಯೊಂದೂ ನುಡೀತಿತ್ತು.
ಎಲ್ಲಿ ಉಸಿರು ಬಿಡಬೇಕೋ ಗೊತ್ತಾಗಲಿಲ್ಲ."
ಸೋಮವಾರ ರಾತ್ರಿ ಹತ್ತಕ್ಕೆ ಮತ್ತೆ ಪಾಳಿ.

ಮನೆಗಳ ಸಂದಿಯಿಂದ ಒಣಗಿದ ರಕ್ತ
ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆದು ತೆಗೆದಿದ್ದೇನೆ ನಾನು.
ಬಿಲ್ಲಿನಲ್ಲಿ ಬರೆಯಲಿಲ್ಲ.

ಎಪ್ಪತ್ತೆರಡಕ್ಕೆ ಎಡಗೈ ಬಿದ್ದುಹೋಯಿತು.
ಅದೇ ವರ್ಷ ನಗರಸಭೆ ಫಲಕ ಕೊಟ್ಟಿತು, ಹೆಸರಿನ ಒಂದಕ್ಷರ ನುಂಗಿ.
ಅದೇ ವರ್ಷ ಚರ್ಚು ಕೆಡವಿದರು.
ಆ ಉಬ್ಬಿದ ಪಿಯಾನೊವನ್ನು ನಾಲ್ವರು ಹೊತ್ತು ತಂದು
ಅವನ ಕೋಣೆಗೆ ಇಳಿಸಿದೆವು.
ನಾನು ಮುಚ್ಚಳ ಬಿಚ್ಚಿ ಉಪಕರಣ ಹರಡಿದೆ:
ಮೊದಲು ಆ ಮೂಕನನ್ನು ನೋಡುತ್ತೇನೆ, ಅರ್ಧ ಗಂಟೆಯ ಕೆಲಸ.

ಸೊಟ್ಟ ಬಾಯಲ್ಲಿ ನಿಧಾನ ಅಂದ:
"ಅದನ್ನ ಮುಟ್ಟಬೇಡ.
ಬೇರೆಯವನ್ನ ಅದಕ್ಕೆ ಹೊಂದಿಸು."

ಶ್ರುತಿಗಾರನಿಗೆ ಹೇಳುವ ಮಾತೇ ಅದು?
ಆದರೂ ಅಂದು ಕಿವಿಯಿಟ್ಟು ಕೂತೆ.
ಎರಡು ಗಂಟೆ, ಹನ್ನೆರಡು ತಂತಿ.
ಮೂಕ ಮನೆಗೆ ಏನೂ ಹಾಕಲಿಲ್ಲ.
ಅವನು ಬಲಗೈಯೊಂದರಲ್ಲೇ, ನೋಟು ಒಂದೊಂದಾಗಿ,
ಅದಕ್ಕೂ ಸೇರಿಸಿ ಎಣಿಸಿಟ್ಟ.