ಎರಡು ಮಿಲಿಮೀಟರ್

ಯುಗಾದಿಯಿಂದ ಈಚೆಗೆ ನಾಲ್ಕನೇ ಬೆಲ್ಟ್.
ಬಿಚ್ಚಿ ಬೆಂಚಿನ ಮೇಲೆ ಚಾಚಿದ್ದೇನೆ.
ಆರು ಗೆರೆಗಳಲ್ಲಿ ಐದು ಹೊಸದರ ಹಾಗೇ ಇವೆ.
ಆರನೆಯದು, ಇಂಜಿನ್ನಿನ ಕಡೆಯದು,
ಇಲಿ ಕಡಿದ ಗೋಣಿಚೀಲದ ಅಂಚು.
ಒಳಗಿನ ನೂಲು ಹೊರಗೆ ಬಂದಿದೆ.

ಗಾಡಿ ಎಸ್ತೇರಮ್ಮ ಸಿಸ್ಟರದು.
ಇಪ್ಪತ್ತೆರಡು ವರ್ಷದ ಆಟೋಮ್ಯಾಟಿಕ್,
ಗಂಗಾವತಿಯಲ್ಲಿ ಅದಕ್ಕೆ ಜೋಡಿಯಿಲ್ಲ.
ಮೂರನೇ ವಯಸ್ಸಿಗೇ ಎಡಗಾಲಿಗೆ ಪೋಲಿಯೊ,
ಕ್ಲಚ್ ಇಲ್ಲದ ಗಾಡಿಯೇ ಆಗಬೇಕು ಅವರಿಗೆ.
ಮೊನ್ನೆ ರಾತ್ರಿ ಎರಡಕ್ಕೆ, ಕಾರಟಗಿ ರಸ್ತೆಯಲ್ಲಿ,
ಬ್ಯಾಟರಿಯ ಕೆಂಪು ದೀಪ ಹತ್ತಿತು,
ಸ್ಟೇರಿಂಗು ಬೀಸುಕಲ್ಲಾಯಿತು.
ಭತ್ತದ ಲಾರಿ ಹತ್ತಿ ಹೆರಿಗೆಗೆ ಹೋದರಂತೆ.
ಕೂಸು ಇವರಿಗಿಂತ ಮೊದಲೇ ಬಂದಿತ್ತಂತೆ.

ಮೊದಲ ಸಲ ನಾನು ಅಂದದ್ದು: ಬೆಲ್ಟ್ ಡುಪ್ಲಿಕೇಟ್ ರೀ.
ಎರಡನೇ ಸಲ: ನಮ್ಮೂರ ಮಿಲ್ಲಿನ ಬೂದಿ, ಹೊಟ್ಟಿನ ಧೂಳು.
ಮೂರನೇ ಸಲ, ನಾಚಿಕೆ ಬಿಟ್ಟು:
ನೀವು ಏಸಿ ಬಾಳ ಹಾಕ್ತೀರಿ ಸಿಸ್ಟರ್.
ಅವರು ಏನೂ ಅನ್ನಲಿಲ್ಲ.
ಬಾಣಂತಿಯ ಅತ್ತೆ ಕೊಡುವ ಕಾರಣ ಕೇಳಿದ ಹಾಗೆ ಕೇಳಿ
ದುಡ್ಡು ಎಣಿಸಿಟ್ಟು ಹೋದರು.

ಬೆಲ್ಟ್ ಬಿಚ್ಚುವ ಮೊದಲು ಹುಡುಗ ಫಕೀರನಿಗೆ
ಬ್ರೇಕ್ ತುಳಿದು ಗೇರಿಗೆ ಹಾಕಿಸಿದ್ದೆ.
ಇಂಜಿನ್ ತಗ್ಗಿತು, ಕೀರಲು ಶುರುವಾಯಿತು.
ಚರಿಗೆಯ ನೀರು ಬೆರಳಲ್ಲಿ ಚಿಮುಕಿಸಿದೆ.
ನಿಂತಿತು.
ನಾಲ್ಕು ಎಣಿಸುವುದರಲ್ಲಿ ಮತ್ತೆ ಬಂತು, ಮೊದಲಿಗಿಂತ ಜೋರು.
ಸಡಿಲವಿದ್ದಿದ್ದರೆ ನೀರು ಬಿದ್ದೊಡನೆ ಚೀರುತ್ತಿತ್ತು.
ಇದು ಸಡಿಲವಲ್ಲ, ಓರೆ.
ಟೆನ್ಷನರ್ ಬೇರಿಂಗ್ ಕೈಯಲ್ಲಿ ತಿರುವಿದೆ, ಬೆಣ್ಣೆ.
ಪಂಪಿನ ಬುಡ ಒರೆಸಿದೆ, ಬಟ್ಟೆಗೆ ಎಣ್ಣೆ ಹತ್ತಲಿಲ್ಲ.

ಆಗ ಪೀರಸಾಬಜ್ಜ ನೆನಪಾದ.
ರೈಸ್‌ಮಿಲ್ಲಿನ ಫಿಟ್ಟರ್, ನನ್ನ ಮೊದಲ ಉಸ್ತಾದ,
ಕಿವಿಯ ಹಿಂದೆ ಬೀಡಿ, ಜೇಬಿನಲ್ಲಿ ದಾರದ ಉಂಡೆ.
ಅಂಗೈ ಅಗಲದ ಪಟ್ಟಾ ಜಾರಿದಾಗೆಲ್ಲ ಅನ್ನುತ್ತಿದ್ದ:
"ಪಟ್ಟಾಕ್ ಬೈಬ್ಯಾಡಲೇ ಯಮನೂರ.
ಅದು ಗಾಲಿ ಹೇಳಿದ್ದು ಕೇಳತೈತಿ.
ಗಾಲಿ ಯಾರ ಮಾತು ಕೇಳೈತಿ, ಅದನ್ನ ನೋಡು."

ಪಕ್ಕದ ಬ್ಲೌಸಿನ ಅಂಗಡಿಯಿಂದ ಬಿಳಿ ದಾರ ತರಿಸಿ
ಕ್ರ್ಯಾಂಕಿನ ಪುಲ್ಲಿಯಿಂದ ಬಿಗಿಯಾಗಿ ಎಳೆದು ಹಿಡಿದೆ.
ಪಂಪಿಗೆ ಸಮ ಮುಟ್ಟಿತು.
ಏಸಿಗೆ ಮುಟ್ಟಿತು.
ಆಲ್ಟರ್ನೇಟರಿನ ಅಂಚಿಗೆ ತಾಗಿ ಬಾಗಿತು.
ಎರಡು ಮಿಲಿಮೀಟರ್, ಒಂದು ಭತ್ತದ ಕಾಳಿನ ದಪ್ಪ.

ಬೋಲ್ಟ್ ಬಿಚ್ಚಿದರೆ, ಬ್ರಾಕೆಟ್ಟಿನ ಸಂದಿಯಲ್ಲಿ ಒಂದು ವಾಷರ್.
ಕಂಪನಿಯದಲ್ಲ, ಟ್ರ್ಯಾಕ್ಟರಿನದು.
ಮೈಮೇಲೆ ಅರ ಎಳೆದ ಗೆರೆಗಳು,
ಎಲ್ಲವೂ ಎಡಕ್ಕೆ ವಾಲಿದವು.
ಈ ಸಾಲಿನ ಗ್ಯಾರೇಜುಗಳಲ್ಲಿ ಎಡಚ ನಾನೊಬ್ಬನೇ.

ಯುಗಾದಿಯ ಮುಂಚಿನ ಒಂದು ಸಂಜೆ. ವೈಂಡಿಂಗ್ ಸುಟ್ಟಿತ್ತು.
ಕರೆಂಟಿಲ್ಲ. ಬೋಲ್ಟ್ ತುಸು ಉದ್ದ ಬಂತು.
ಡಬ್ಬಿಯಲ್ಲಿ ಕೈಯಾಡಿಸಿ, ಸಿಕ್ಕಿದ್ದನ್ನು ತಿಕ್ಕಿ, ತೂರಿಸಿ
ನಡೀತೈತಿ ಬಿಡು, ಅಂದಿದ್ದೆ.
ನಡೆಯಿತು, ಒಂದು ಬೆಲ್ಟಿನಷ್ಟು.

"ಏನ್ ಸಿಕ್ತಣ್ಣ?" ಅಂದ ಫಕೀರ.
ವಾಷರ್ ಆಗಲೇ ನನ್ನ ಜೇಬಿನಲ್ಲಿತ್ತು.

ಸಂಜೆಯವರೆಗೆ ಮಾತು ಜೋಡಿಸಿದೆ.
ಪುಲ್ಲಿ ಓರೆ ಆಗಿತ್ತು ಸಿಸ್ಟರ್, ಸರಿ ಆಯ್ತು.
ಎಷ್ಟು ಒಳ್ಳೆಯ ಮಾತು 'ಆಗಿತ್ತು':
ಅದರಲ್ಲಿ ಯಾರ ಕೈಯೂ ಕಾಣುವುದಿಲ್ಲ.

ಆಟೋ ಇಳಿದು ಅವರು ಬಂದರು,
ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆತ.
ಮಾತು ಮರೆತುಹೋಯಿತು.
ಮೂರು ಬೆಲ್ಟಿನ ದುಡ್ಡು ಬಾನೆಟ್ಟಿನ ಮೇಲಿಟ್ಟು,
ಗಾಳಿಗೆ ಹಾರದ ಹಾಗೆ ಅದರ ಮೇಲೆ ವಾಷರ್ ಇಟ್ಟೆ.
ಓರೆ ಮಾಡಿದ್ದೆ ಸಿಸ್ಟರ್. ನಾನೇ.

ಅವರು ವಾಷರ್ ಎತ್ತಿ
ತೂತಿನಿಂದ ಒಮ್ಮೆ ನನ್ನನ್ನು ನೋಡಿ ಕೇಳಿದರು:
"ಹಂಗಾರ, ನನ್ನ ಏಸಿ?"

ಹಾಕ್ರಿ ಸಿಸ್ಟರ್.
ಎಷ್ಟು ಬೇಕೋ ಅಷ್ಟು ಹಾಕ್ರಿ.